ಮುಧೋಳದಲ್ಲಿ ನಾಯಿ ಏನು ತಿನ್ನುತ್ತೆ?

ಬೆಂಗಳೂರಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಮುಧೋಳ. ಕಣ್ಣು ಬಿಟ್ಟಾಗ ಕಿಟಕಿಯಾಚೆ ಕಬ್ಬು, ಅದು ಮುಗಿದರೆ ಇನ್ನೊಂದು ಕಬ್ಬಿನ ಹೊಲ, ನಡುವೆ ಸಕ್ಕರೆ ಕಾರ್ಖಾನೆಯ ಚಿಮಣಿ. ಘಟಪ್ರಭಾ ನೀರು ಕೊಟ್ಟ ಸೀಮೆ ಇದು. ಕನ್ನಡ ಎಂ.ಎ. ಓದಿದವರಿಗೆ ಇದು ರನ್ನನ ಊರು. ನಮ್ಮಂಥವರಿಗೆ ನಾಯಿಯ ಊರು.

ನಾವು ಹೋಗಿದ್ದೂ ಅದಕ್ಕೇ. ಒಂದು ಮುಧೋಳ ಮರಿ ಸಾಕೋಣ ಅಂತ ನಾನು, ನನ್ನ ಹೆಂಡತಿ ವರ್ಷದಿಂದ ಮಾತಾಡ್ತಿದ್ದೇವೆ. ಮಾತು ಪ್ರತಿ ಸಲ ಬಂದು ನಿಲ್ತಿದ್ದದ್ದು ಊಟದ ಹತ್ತಿರ. ನಮ್ಮ ಮನೆಗೆ ಮೊಟ್ಟೆ ಬರುತ್ತೆ, ಮಾಂಸ ಬರಲ್ಲ. 'ಬೇಟೆ ನಾಯಿ ಕಣೋ, ದಿನಾ ಒಂದು ಕೆ.ಜಿ. ಚಿಕನ್ ಬೇಕು' ಅಂತ ಒಬ್ಬ ಹೇಳಿದ. 'ಧಾನ್ಯ ಹಾಕಿದ್ರೆ ಅಲರ್ಜಿ ಗ್ಯಾರಂಟಿ' ಅಂತ ಇನ್ನೊಬ್ಬ. ಹೇಳಿದವರ ಹತ್ತಿರ ಇದ್ದದ್ದು ಪಗ್, ಲ್ಯಾಬ್ರಡಾರ್. ಮುಧೋಳ ನಾಯಿಯನ್ನು ತಲೆಮಾರುಗಳಿಂದ ಸಾಕಿದವರು ಏನು ಹಾಕ್ತಾರೆ ಅಂತ ಅವರನ್ನೇ ಕೇಳೋಣ ಅನ್ನಿಸ್ತು.

ಈ ತಾಲ್ಲೂಕಿನ ಸುತ್ತ ನಾಯಿ ಸಾಕಾಣಿಕೆ ಶೋಕಿಯಲ್ಲ, ಆದಾಯ. ಹೊಲ ಕಡಿಮೆ ಇರುವ ಎಷ್ಟೋ ಮನೆಗಳಲ್ಲಿ ಎಮ್ಮೆಯ ಪಕ್ಕದಲ್ಲೇ ಒಂದೆರಡು ಹೆಣ್ಣುನಾಯಿ ಕಟ್ಟಿರ್ತಾರೆ. ಬೇಡರು ಬೇಟೆಗೆ ಸಾಕುತ್ತಿದ್ದ ಈ ತಳಿಯನ್ನು ಗುರುತಿಸಿ ಬೆಳೆಸಿದವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ. ಅವರು ಬ್ರಿಟನ್ನಿನ ಐದನೇ ಜಾರ್ಜ್‌ಗೆ ನಾಯಿಗಳನ್ನು ಉಡುಗೊರೆ ಕೊಟ್ಟ ಮೇಲೆ 'ಮುಧೋಳ ಹೌಂಡ್' ಅನ್ನೋ ಹೆಸರು ಹೊರಗಡೆ ನಿಂತಿತು. 2005ರಲ್ಲಿ ಅಂಚೆಚೀಟಿ ಬಂತು. ಆಮೇಲೆ ಸೇನೆ ಇಲ್ಲಿಂದ ಮರಿಗಳನ್ನು ಒಯ್ದು ಮೀರತ್‌ನಲ್ಲಿ ತರಬೇತಿ ಕೊಟ್ಟಿತು. ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಇಷ್ಟು ಕತೆ ಇಂಟರ್‌ನೆಟ್‌ನಲ್ಲೂ ಸಿಗುತ್ತೆ. ಊಟದ ಕತೆ ಮಾತ್ರ ಹಿತ್ತಲಿಗೆ ಹೋದರೇ ಸಿಗೋದು.

ಪರಿಚಯದವರೊಬ್ಬರು ಕಳಿಸಿದ ಮನೆ ಊರಿಂದ ಸ್ವಲ್ಪ ಹೊರಗೆ, ಕಬ್ಬಿನ ಹೊಲಕ್ಕೆ ಅಂಟಿಕೊಂಡೇ ಇತ್ತು. ಬೇವಿನ ಮರದ ಕೆಳಗೆ ಕಂದುಬಣ್ಣದ ತಾಯಿನಾಯಿ. ಸುತ್ತ ಐದು ವಾರದ ಆರು ಮರಿ. ತಾಯಿಯ ಪಕ್ಕೆಲುಬು ಎಣಿಸಬಹುದಿತ್ತು. ನನ್ನ ಹೆಂಡತಿ ತಡೆಯಲಾರದೆ ಕೇಳಿಯೇಬಿಟ್ಟಳು: 'ಅಕ್ಕಾ, ಯಾಕಿಷ್ಟು ಸಣ್ಣಗಿದೆ?'

ಆ ಅಕ್ಕನಿಗೆ ಈ ಪ್ರಶ್ನೆ ಕೇಳಿ ಕೇಳಿ ಬೇಜಾರಾಗಿರಬೇಕು. 'ಅದರ ಮೈನ ಹಂಗ ಐತಿ ತಂಗಿ. ಹೊಟ್ಟಿ ಬಂತಂದ್ರ ಕಬ್ಬಿನಾಗ ಹಂದಿ ಹೊಕ್ಕಾಗ ಹೆಂಗ ಓಡಬೇಕು ಅದು? ಬೆಂಗಳೂರವ್ರು ಬಂದವ್ರೆಲ್ಲ ಇದನ್ನ ಕೇಳ್ತಾರ. ದಪ್ಪ ಮರಿ ಬೇಕಂತಾರ.'

ಅವರು ಹೇಳಿದ್ದು ವೈದ್ಯಶಾಸ್ತ್ರಕ್ಕೂ ಒಪ್ಪುವ ಮಾತು. ನೋಟದಿಂದಲೇ ಬೇಟೆ ಹಿಡಿದು ಓಡುವ ತಳಿಗಳಿಗೆ ಮೈಯಲ್ಲಿ ಕೊಬ್ಬು ಕಡಿಮೆ. ಕೊನೆಯ ಒಂದೆರಡು ಪಕ್ಕೆಲುಬು ಕಾಣೋದು ಅವಕ್ಕೆ ಸಹಜ. ಬೆನ್ನುಮೂಳೆ, ಸೊಂಟದ ಮೂಳೆ ಚೂಪಾಗಿ ಎದ್ದಿದ್ದರೆ, ತೊಡೆಯ ಸ್ನಾಯು ಕರಗಿದ್ದರೆ ಆಗ ಚಿಂತೆ ಮಾಡಬೇಕು. ಈ ತಾಯಿ ಹಾಲೂಡಿಸ್ತಾ ಇದ್ದದ್ದರಿಂದ ಇನ್ನೂ ಸ್ವಲ್ಪ ಇಳಿದಿತ್ತು, ಆದರೆ ತೊಡೆ ಮಾತ್ರ ಕಲ್ಲಿನ ಹಾಗೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಊಟ ಕೊಟ್ಟು ಬದುಕಿಡೀ ಗಮನಿಸಿದ್ದರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಡಿಮೆ ತಿಂದವು ಹತ್ತಿರ ಹತ್ತಿರ ಎರಡು ವರ್ಷ ಹೆಚ್ಚು ಬದುಕಿದ್ದವು. ಅವುಗಳಿಗೆ ಕೀಲುನೋವೂ ತಡವಾಗಿ ಬಂದಿತ್ತು. ಮರಿಗಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಬೇಗ ಎತ್ತರವಾಗುವ ಮರಿಗೆ ವಿಪರೀತ ತಿನ್ನಿಸಿ, ಮೇಲೆ ಕ್ಯಾಲ್ಸಿಯಂ ಸಿರಪ್ಪನ್ನೂ ಕುಡಿಸಿದರೆ ಎಲುಬಿನ ಬೆಳವಣಿಗೆಯೇ ಹದ ತಪ್ಪುತ್ತೆ. ದಪ್ಪ ಮರಿ ಕೇಳುವ ನಮ್ಮ ಊರಿನ ಗಿರಾಕಿಗಳು ಇಲ್ಲಿನ ಸಾಕಣೆದಾರರನ್ನು ಆ ಕಡೆಗೇ ತಳ್ಳುತ್ತಿದ್ದಾರೆ ಅನ್ನಿಸಿ ಸ್ವಲ್ಪ ಸಿಟ್ಟೂ ಬಂತು.

ಹನ್ನೊಂದು ಗಂಟೆಗೆ ಬೋಗುಣಿ ಹೊರಗೆ ಬಂತು. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಆರಿಸಿದ್ದು, ಅದಕ್ಕೆ ಎಮ್ಮೆ ಹಾಲಿಗೆ ನೀರು ಬೆರೆಸಿ ಹಾಕಿದ್ದು, ಎರಡು ಬೆಂದ ತತ್ತಿ. ರಾತ್ರಿ ಇದರ ಬದಲು ಮಜ್ಜಿಗೆಯಲ್ಲಿ ಮುರಿದ ಜೋಳದ ರೊಟ್ಟಿ. ಜೋಳ ತುಟ್ಟಿಯಾದಾಗ ಗೋವಿನಜೋಳ. ಮನೆಯಲ್ಲಿ ಮಾಂಸ ಮಾಡಿದ ದಿನ ನಾಯಿಗೂ ಒಂದು ಪಾಲು, ಉಪ್ಪು-ಖಾರ ಬೀಳುವ ಮೊದಲೇ ತೆಗೆದಿಟ್ಟಿದ್ದು. ತಾಯಿನಾಯಿಗೆ ಮರಿ ಹಾಲು ಬಿಡುವವರೆಗೆ ಎಲ್ಲವೂ ಸುಮಾರು ದುಪ್ಪಟ್ಟು, ದಿನಕ್ಕೆ ಮೂರು-ನಾಲ್ಕು ಸಲ.

ನಾನು ಫೋನಲ್ಲಿ ಎಕ್ಸೆಲ್ ತೆರೆದೆ. (ಹೆಂಡತಿ ಮುಖ ತಿರುಗಿಸಿದಳು. ನಮ್ಮ ಮದುವೆ ಊಟಕ್ಕೂ ನಾನು ಎಕ್ಸೆಲ್ ಮಾಡಿದ್ದೆ.) 24 ಕೆ.ಜಿ. ತೂಕದ ದೊಡ್ಡ ನಾಯಿಗೆ ದಿನಕ್ಕೆ ಸುಮಾರು 1200 ಕಿಲೋ ಕ್ಯಾಲೊರಿ ಬೇಕು, ಹೊಲದಲ್ಲಿ ಓಡುವುದಾದರೆ ಇನ್ನೂ ಜಾಸ್ತಿ. 250 ಗ್ರಾಂ ಜೋಳ, ಅರ್ಧ ಲೀಟರ್ ಹಸುವಿನ ಹಾಲು, ಎರಡು ಮೊಟ್ಟೆ ಅಂತ ಲೆಕ್ಕ ಹಾಕಿದರೆ ಸುಮಾರು 1300 ಬರುತ್ತೆ. ಪ್ರೋಟೀನ್ 50 ಗ್ರಾಂ ಚಿಲ್ಲರೆ. ಅಷ್ಟು ಕ್ಯಾಲೊರಿಗೆ ನಾಯಿ ಆಹಾರದ ಮಾನದಂಡ ಕೇಳುವ ಕನಿಷ್ಠ ಪ್ರೋಟೀನ್ 58 ಗ್ರಾಂ. ಸ್ವಲ್ಪವೇ ಕಡಿಮೆ. ಇನ್ನೊಂದು ಮೊಟ್ಟೆ ಹಾಕಿದರೆ ಆ ಗೆರೆ ಮುಟ್ಟುತ್ತೆ.

ಇದರಲ್ಲಿ ಜಾಣತನ ಇರೋದು ಜೋಡಣೆಯಲ್ಲಿ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನೋ ಅಮೈನೊ ಆಮ್ಲ ಕಮ್ಮಿ. ಹಾಲು, ಮೊಟ್ಟೆಯಲ್ಲಿ ಅದೇ ಧಾರಾಳ. ಯಾವ ಪುಸ್ತಕವನ್ನೂ ನೋಡದೆ ಹಿತ್ತಲಲ್ಲಿ ಕೂಡಿಸಿದ ಲೆಕ್ಕ. ಇನ್ನು 'ಧಾನ್ಯ ನಾಯಿಗೆ ಆಗಲ್ಲ' ಅನ್ನೋರಿಗೆ ಒಂದು ಮಾತು. ತೋಳದಲ್ಲಿ ಪಿಷ್ಟ ಅರಗಿಸುವ ಜೀನ್‌ನ ಪ್ರತಿ ಎರಡೇ, ಬಹುಪಾಲು ನಾಯಿಗಳಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು ಅಂತ 2013ರಲ್ಲೇ ಗೊತ್ತಾಗಿದೆ. ಮನುಷ್ಯರ ರೊಟ್ಟಿ ತಿಂದೇ ನಾಯಿ ನಾಯಿಯಾಗಿದ್ದು. ಒಂದೇ ಷರತ್ತು, ಧಾನ್ಯ ಚೆನ್ನಾಗಿ ಬೇಯಬೇಕು.

ಈ ಬೋಗುಣಿಯಲ್ಲಿ ಕೊರತೆ ಇಲ್ಲವೇ ಇಲ್ಲ ಅಂತಲ್ಲ. ಕ್ಯಾಲ್ಸಿಯಂ ಸಾಲದು. ಅರ್ಧ ಲೀಟರ್ ಹಾಲಿನಲ್ಲಿ ಸಿಗೋದು ಹೆಚ್ಚೆಂದರೆ ಅರ್ಧದಷ್ಟು. ಅಕ್ಕ ತತ್ತಿಯ ಚಿಪ್ಪನ್ನು ಒಣಗಿಸಿ, ಕುಟ್ಟಿ, ಚಿಟಿಕೆ ಚಿಟಿಕೆ ಹಾಕ್ತಾರೆ. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತೆ, ಹಾಗಾಗಿ ದೊಡ್ಡ ನಾಯಿಗೆ ಅರ್ಧ ಚಿಪ್ಪಿನ ಪುಡಿ ಸಾಕು. ಸತು, ಅಯೋಡಿನ್‌ನಂಥ ಸಣ್ಣ ಖನಿಜಗಳನ್ನು ಮಾತ್ರ ಅಂದಾಜಿನ ಮೇಲೆ ಬಿಡುವ ಹಾಗಿಲ್ಲ. ಮನೆ ಊಟ ಹಾಕುವವರು ಪಶುವೈದ್ಯರನ್ನು ಕೇಳಿ ಖನಿಜ ಮಿಶ್ರಣ ಸೇರಿಸಿಕೊಳ್ಳಲೇಬೇಕು. ಹಾಗೇ, ಹಾಲು ಎಲ್ಲ ನಾಯಿಗೂ ಒಗ್ಗಲ್ಲ. ಭೇದಿಯಾದರೆ ಮೊಸರು, ಮಜ್ಜಿಗೆಗೆ ಬದಲಾಯಿಸಬಹುದು. ಬರೀ ಚಿಕನ್ ಹಾಕುವ ಮನೆಗಳಲ್ಲಿ ತೊಂದರೆ ಇದಕ್ಕಿಂತ ದೊಡ್ಡದು. ಮೂಳೆ ಇಲ್ಲದ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಗ ಮರಿ ತನ್ನ ಎಲುಬನ್ನೇ ಕರಗಿಸಿಕೊಳ್ಳುತ್ತೆ. ಹಾಗಂತ ಬೇಯಿಸಿದ ಮೂಳೆ ಹಾಕಿದರೆ ಅದು ಚೂರಾಗಿ ಕರುಳಿಗೆ ಚುಚ್ಚುತ್ತೆ.

'ಉಳ್ಳಾಗಡ್ಡಿ ಹಾಕಿದ ಸಾರು ಮಾತ್ರ ಬ್ಯಾಡ' ಅಂದರು ಅಕ್ಕ. ಹಿಂದೊಮ್ಮೆ ನೆರೆಮನೆಯ ನಾಯಿಯ ಮೂತ್ರ ಕೆಂಪಾಗಿದ್ದನ್ನು ಅವರು ಕಂಡಿದ್ದರಂತೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗಲ್ಲ. ನಮ್ಮ ಕಡೆಯ ಅನ್ನ-ಸಾರಿನಲ್ಲಿ ಇವಿಲ್ಲದ ದಿನ ಯಾವುದು ಹೇಳಿ? ದ್ರಾಕ್ಷಿ, ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಕೂಡ ಇದೇ ಪಟ್ಟಿಗೆ ಸೇರುತ್ತವೆ.

ತಾಯಿನಾಯಿ ತಿಂದು ಮುಗಿಸಿದ್ದೇ ಅದನ್ನು ಕಟ್ಟಿಹಾಕಿದರು. ಒಂದು ಗಂಟೆ ಓಟ ಇಲ್ಲ. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದ್ದೇ ಇದೆ. ಒಂದೇ ಸಲ ದೊಡ್ಡ ಊಟ ಹಾಕಿದರೆ ಅದು ಇನ್ನೂ ಹೆಚ್ಚು. ಹಾಗೆ ತಿರುಚಿಕೊಂಡರೆ ಉಳಿಸಲು ಕೆಲವೇ ಗಂಟೆ. ಆಫೀಸಿಗೆ ಹೋಗುವ ಮೊದಲು ಒಂದೇ ಸಲ ತುಂಬಿಸಿ ಹೋಗೋಣ ಅನ್ನುವ ನಮ್ಮಂಥವರು ಇಲ್ಲಿ ನಿಂತು ಯೋಚಿಸಬೇಕು. ನಮ್ಮ ಮನೆಯಲ್ಲಿ ಬೆಳಗಿನ ಪಾಳಿ ನನ್ನದು, ರಾತ್ರಿಯದು ಅವಳದು ಅಂತ ಅಲ್ಲೇ ಮಾತಾಯಿತು.

ಹಾಗಾದರೆ ಮರಿ ಸಿಕ್ಕಿತಾ? ಇನ್ನೂ ಇಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, 2017ರ ನಿಯಮವೇ ಇದೆ. ಅಕ್ಕನಿಗೆ ನಿಯಮಕ್ಕಿಂತ ಬೇರೆಯದೇ ಲೆಕ್ಕ. ನಾವು ಊಟದ ಬಗ್ಗೆ ಇಷ್ಟೆಲ್ಲ ಕೇಳಿದ್ದಕ್ಕೆ ಅವರು ಖುಷಿಯಾಗಿದ್ದರು. ಮಾಂಸ ಇಲ್ಲದಿದ್ದರೂ ನಡೀತೈತಿ, ತತ್ತಿ ಬಿಡಬ್ಯಾಡ್ರಿ ಅಂದರು. ಆಮೇಲೆ ಕೇಳಿದರು, 'ತಮ್ಮಾ, ಇಷ್ಟೆಲ್ಲಾ ತಿನಿಸ್ತೀರಿ, ಓಡಾಕ ಜಾಗ ಐತೇನು?'

ನಮ್ಮದು ನಾಲ್ಕನೇ ಮಹಡಿಯ ಎರಡು ಬೆಡ್‌ರೂಮಿನ ಮನೆ. ಕೆಳಗೆ ವಾಕಿಂಗ್ ಟ್ರ್ಯಾಕ್ ಇದೆ ಅಂದೆ. ಅವರು ಹಗ್ಗ ಬಿಚ್ಚಿ ಗಂಡುನಾಯಿಯೊಂದನ್ನು ಕೊಯ್ದ ಕಬ್ಬಿನ ಹೊಲಕ್ಕೆ ಬಿಟ್ಟರು. ಅದು ಆ ತುದಿ ಮುಟ್ಟಿ ಬರೋಕೆ ನಾನು ಫೋನಿನ ಕ್ಯಾಮೆರಾ ತೆರೆಯುವಷ್ಟು ಹೊತ್ತೂ ಬೇಕಾಗಲಿಲ್ಲ. ಓಟ ಇಲ್ಲದ ಮೈಗೆ ಇದೇ ನುಚ್ಚು-ಹಾಲು ಬಿದ್ದರೆ ಆರು ತಿಂಗಳಲ್ಲಿ ಹೊಟ್ಟೆ ಬರುತ್ತೆ ಅನ್ನೋದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಬಿಳಿ ಪಾದದ ಹೆಣ್ಣುಮರಿಯನ್ನು ನಮಗಾಗಿ ಮೂರು ವಾರ ಇಟ್ಟುಕೊಂಡಿರ್ತಾರೆ. ಅಷ್ಟರಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಹಗ್ಗ ಬಿಚ್ಚಿ ಬಿಡಬಹುದಾದ, ಬೇಲಿ ಇರುವ ಬಯಲು ಹುಡುಕಿ ಫೋನ್ ಮಾಡಬೇಕು. ಇಲ್ಲದಿದ್ದರೆ ಜಮಖಂಡಿ ಕಡೆಯ ರೈತರೊಬ್ಬರು ಕೇಳಿದ್ದಾರಂತೆ, ಅವರ ತೋಟಕ್ಕೆ ಹೋಗುತ್ತೆ. ಬೆಂಗಳೂರಿಗೆ ವಾಪಸು ಬಂದು ಹತ್ತು ದಿನವಾಯಿತು. ಹೊಸಕೋಟೆ ದಾಟಿ ಒಂದು ಜಾಗ ನೋಡಿದ್ದೇವೆ. ಬೇಲಿ ಸ್ವಲ್ಪ ಗಿಡ್ಡ. ಈ ಶನಿವಾರ ಟೇಪ್ ಹಿಡಿದುಕೊಂಡು ಇನ್ನೊಮ್ಮೆ ಹೋಗ್ತಿದ್ದೇವೆ.