ಅಂಗೈಯಗಲದ ಕಾಣಿಕೆ

ಲಗ್ನಸರಾಯಿ ಮುಗಿದ ಮೇಲೆ ನಮ್ಮ ಸಮಾಜದ ಪ್ರತಿಯೊಂದು ಮನೆಯಲ್ಲಿಯೂ ಒಂದು ಸಣ್ಣ ಸಂದಿಗ್ಧ ಉಳಿದುಕೊಳ್ಳುತ್ತದೆ. ಬಂದ ಲಗ್ನಪತ್ರಿಕೆಗಳನ್ನು ಏನು ಮಾಡಬೇಕು? ಅವುಗಳ ಮೇಲೆ ಬಸವಣ್ಣನವರ ಭಾವಚಿತ್ರವಿರುತ್ತದೆ, ಮನೆದೇವರ ಚಿತ್ರವಿರುತ್ತದೆ, ಪೂಜ್ಯರ ಹೆಸರುಗಳಿರುತ್ತವೆ. ಕಸಕ್ಕೆ ಹಾಕಲು ಕೈ ಬಾರದು. ಒಲೆಗೆ ಹಾಕಲು ಮನಸ್ಸೊಪ್ಪದು. ಆದುದರಿಂದ ಅವು ಗೋಡೆಯ ಮಾಡದಲ್ಲಿ, ಟ್ರಂಕಿನ ಮೇಲೆ, ಪಂಚಾಂಗದ ಹಿಂದೆ ಧೂಳು ಹೊತ್ತು ವರ್ಷಗಟ್ಟಲೆ ಕುಳಿತಿರುತ್ತವೆ. ದಪ್ಪನೆಯ ಕಾಗದ, ಬಂಗಾರದ ಬಣ್ಣದ ಅಂಚು, ಉಬ್ಬಿಸಿ ಅಚ್ಚೊತ್ತಿದ ಬಳ್ಳಿ. ತಿಥಿ, ಮುಹೂರ್ತ, ಸ್ಥಳಗಳನ್ನು ಒಂದು ಸಲ ಓದಿ ಮುಗಿಸುವುದಕ್ಕಾಗಿ ಇಷ್ಟೊಂದು ಸಾಮಗ್ರಿ!

ಈ ಸಂದಿಗ್ಧಕ್ಕೆ ನಮ್ಮ ಘೋಣಸಗಿಯ ಕೆಲವು ಹೆಣ್ಣುಮಕ್ಕಳು ಕಂಡುಕೊಂಡ ಪರಿಹಾರವನ್ನು ಓದುಗ ಬಂಧುಗಳ ಮುಂದಿಡಬೇಕೆಂಬುದು ನಮ್ಮ ಉದ್ದೇಶ. ಬೇಸಿಗೆಯ ಸೂಟಿಯಲ್ಲಿ ನಮ್ಮ ಮನೆಯ ಪಡಸಾಲೆ ಮಧ್ಯಾಹ್ನದ ಹೊತ್ತಿಗೆ ಅವರದೇ ಆಗಿಬಿಡುತ್ತದೆ. ನಾವು ಒಂದು ಮೂಲೆಯಲ್ಲಿ ಗ್ರಂಥವನ್ನು ತೆರೆದುಕೊಂಡು ಕುಳಿತಿದ್ದರೆ, ಇನ್ನೊಂದು ಮೂಲೆಯಲ್ಲಿ ಐದಾರು ಜನ ಬಾಲಕಿಯರು ಕತ್ತರಿ, ಅಂಟು, ಪಟ್ಟಿಕೋಲು ಹಿಡಿದು ಕುಳಿತಿರುತ್ತಾರೆ. ಹಳೆಯ ಲಗ್ನಪತ್ರಿಕೆಗಳಿಂದ ಇಸ್ಪೀಟಿನ ಎಲೆಯಷ್ಟು ಚಿಕ್ಕ ಚಿತ್ರದ ಕಾರ್ಡುಗಳನ್ನು ಮಾಡುವುದು ಅವರ ಉದ್ಯೋಗ. ಸಿಂಪಿಗರ ಅಂಗಡಿಯಲ್ಲಿ ಉಳಿದ ಗುಳೇದಗುಡ್ಡದ ಖಣದ ಚೂರು, ಇಳಕಲ್ ಸೀರೆಯ ಸೆರಗಿನ ಬಿಚ್ಚಿದ ಎಳೆ, ಟಿಕಳಿಯ ಹಾಳೆ, ಹಳೆಯ ಅಂಚೆಚೀಟಿ ಇವು ಅವರ ಭಂಡಾರ. ವಿಜಯಪುರದ ಗಾಂಧಿ ಚೌಕದ ಕಡೆಗೆ ಹೋದವರು ಯಾರಾದರೂ ಬಣ್ಣದ ಅಂಟುಪಟ್ಟಿಯನ್ನೋ ಹೂವಿನಾಕಾರದ ರಂಧ್ರ ಹಾಕುವ ಯಂತ್ರವನ್ನೋ ತಂದುಕೊಟ್ಟರೆ ಅಂದು ಅವರಿಗೆ ಹಬ್ಬ.

ಈ ಅಳತೆಗೆ ಒಂದು ಚರಿತ್ರೆಯಿದೆ. 1997ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಎಂ. ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದರು 2.5 ಇಂಚು ಅಗಲ, 3.5 ಇಂಚು ಉದ್ದದ ಕಾರ್ಡುಗಳ ಮೇಲೆ ಚಿತ್ರಗಳನ್ನು ರಚಿಸಿ ಪ್ರದರ್ಶನಕ್ಕಿಟ್ಟರು. ನೋಡಬಂದವರಿಗೆ ಅವರು ಹೇಳಿದ್ದು ಇಷ್ಟೇ: ಬೇಕಾದರೆ ನೀವೂ ಇದೇ ಅಳತೆಯಲ್ಲಿ ಒಂದನ್ನು ಮಾಡಿ ತನ್ನಿರಿ, ಬದಲಾಯಿಸಿಕೊಳ್ಳೋಣ. ಅಂದಿನಿಂದ ಈ ಪದ್ಧತಿ ದೇಶದೇಶಗಳಿಗೆ ಹಬ್ಬಿತು. ಮಾರುವುದಕ್ಕೆಂದೇ ಇದೇ ಅಳತೆಯ ಕಾರ್ಡುಗಳನ್ನು ಮಾಡುವವರು ಆಮೇಲೆ ಹುಟ್ಟಿಕೊಂಡರೂ ಮೂಲದ ಕಟ್ಟಳೆ ಮಾತ್ರ ಸ್ಪಷ್ಟವಾಗಿತ್ತು. ಈ ಕಾರ್ಡನ್ನು ಕೊಡಬಹುದು, ಪಡೆಯಬಹುದು, ಮಾರಲಾಗದು. ಕಾಯಕ ಮತ್ತು ದಾಸೋಹಗಳ ಮಾತನ್ನು ಕೇಳುತ್ತ ಬೆಳೆದ ನಮಗೆ ಈ ಕಟ್ಟಳೆ ಅಪರಿಚಿತವೆನಿಸಲಿಲ್ಲ.

ಆದರೆ ಕಾಗದವನ್ನು ಕತ್ತರಿಸಿ, ಬಣ್ಣಗೊಳಿಸಿ, ಅಂಟಿಸಿ ಚಿಕ್ಕದರಲ್ಲಿ ದೊಡ್ಡದನ್ನು ತೋರುವ ವಿದ್ಯೆಯನ್ನು ಪರದೇಶದಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ನಮ್ಮೂರಿನಿಂದ ತಾಸೊಂದರಲ್ಲಿ ತಲುಪಬಹುದಾದ ವಿಜಯಪುರವೇ ಒಂದು ಕಾಲಕ್ಕೆ ಈ ಕಲೆಯ ನೆಲೆಯಾಗಿತ್ತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ ಮತ್ತು ಅನಂತರದ ದಶಕಗಳಲ್ಲಿ ಇಲ್ಲಿ ‘ಅಬ್ರಿ’ ಎಂಬ ಕಾಗದದ ಕೆಲಸ ನಡೆಯುತ್ತಿತ್ತು. ಪಾರಸಿಯಲ್ಲಿ ‘ಅಬ್ರ’ ಎಂದರೆ ಮೋಡ. ಲೋಳೆ ಬೆರೆಸಿ ಮಂದಗೊಳಿಸಿದ ನೀರಿನ ಮೇಲೆ ಬಣ್ಣಗಳನ್ನು ತೇಲಿಬಿಟ್ಟು, ಕಡ್ಡಿಯಿಂದ ಸುಳಿ ಎಬ್ಬಿಸಿ, ಕಾಗದವನ್ನು ಮೆಲ್ಲನೆ ಅದರ ಮೇಲೆ ಹಾಸಿ ಎತ್ತಿದರೆ ಮೋಡದಂತಹ ವರ್ಣವಿನ್ಯಾಸ ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಆ ಲೋಳೆಗೆ ಹಳೆಯ ಕುಶಲಿಗರು ಬಳಸುತ್ತಿದ್ದ ವಸ್ತುಗಳಲ್ಲಿ ನಮ್ಮ ಅಡಿಗೆಮನೆಯ ಮೆಂತ್ಯವೂ ಒಂದು. ಚಿತ್ರದ ಯಾವ ಭಾಗಕ್ಕೆ ಬಣ್ಣ ಹತ್ತಬಾರದೋ ಆ ಭಾಗವನ್ನು ಮೊದಲೇ ಮರೆಮಾಡಿ, ಮೋಡದ ಕಾಗದದಲ್ಲಿಯೇ ಮನುಷ್ಯನನ್ನೂ ಪ್ರಾಣಿಯನ್ನೂ ಮೂಡಿಸುತ್ತಿದ್ದರು. ಎಲುಬು ಕಾಣುವ ಬಡಕಲು ಕುದುರೆ ಮತ್ತು ಅದರ ಸವಾರನ ಇಂತಹ ಒಂದು ಚಿತ್ರ, ಸುಮಾರು 1625ರ ಬಿಜಾಪುರದ್ದೆಂದು ಗುರುತಿಸಲ್ಪಟ್ಟು, ಇಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅಂದಿನ ಅರಸರು ಇಂತಹ ಬಿಡಿ ಚಿತ್ರಗಳನ್ನೂ ಸುಂದರ ಲಿಪಿಯ ತುಣುಕುಗಳನ್ನೂ ಸಂಗ್ರಹಿಸಿ, ಸುತ್ತಲೂ ಅಂಚು ಕಟ್ಟಿ, ‘ಮುರಕ್ಕಾ’ ಎಂಬ ಸಂಪುಟಗಳಲ್ಲಿ ಅಂಟಿಸಿಡುತ್ತಿದ್ದರು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಆಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳು 19ನೆಯ ಶತಮಾನದಲ್ಲಿ ಲಂಡನ್ ಸೇರಿದವು. ಗೋಳಗುಮ್ಮಟವನ್ನು ಯಾರೂ ಹೊತ್ತೊಯ್ಯಲಾಗಲಿಲ್ಲ; ಕಾಗದ ಮಾತ್ರ ಹೋಯಿತು.

ದಕ್ಷಿಣಕ್ಕೆ ಮೈಸೂರಿನಲ್ಲಿ ಗಂಜೀಫಾ ಎಲೆಗಳ ಸಂಪ್ರದಾಯವಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಇಂತಹ ಆಟಗಳನ್ನು ವಿವರಿಸಿದರು. ದಶಾವತಾರದ ಕಟ್ಟಿನಲ್ಲಿ 10 ಬಣಗಳು, ಬಣಕ್ಕೆ 12ರಂತೆ 120 ಎಲೆಗಳು. ಒಡೆಯರು ಕಲ್ಪಿಸಿದ ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೆ ಏರಿತು. ಶ್ರೀಮಂತರಿಗೆ ದಂತದ ಎಲೆಗಳು, ಸಾಮಾನ್ಯರಿಗೆ ಬಟ್ಟೆ ಅಥವಾ ಕಾಗದವನ್ನು ಪದರಪದರವಾಗಿ ಅಂಟಿಸಿ ಗಟ್ಟಿಮಾಡಿದ ಎಲೆಗಳು. ನಿಂತುಹೋಗುತ್ತಿದ್ದ ಈ ಕಲೆಗೆ ಶ್ರೀರಂಗಪಟ್ಟಣದಲ್ಲಿ ಗಂಜೀಫಾ ರಘುಪತಿ ಭಟ್ಟರು ಮತ್ತೆ ಜೀವ ತುಂಬಿದರು. ಎಲೆಯಾಟವೆಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಆತಂಕಕ್ಕೆ ಕಾರಣವೂ ಇದೆ. ಆದರೆ ನಮ್ಮ ಪಡಸಾಲೆಯ ಎಲೆಗಳಲ್ಲಿ ಸೋಲುವವರಿಲ್ಲ. ಒಂದನ್ನು ಕೊಟ್ಟವಳ ಕೈಗೆ ಇನ್ನೊಂದು ಬರುತ್ತದೆ.

ಇಂತಹ ಚಿಕ್ಕ ವಸ್ತುವಿಗೆ ಎಷ್ಟು ಭಾರ ಹೊರುವ ಶಕ್ತಿಯುಂಟೆಂಬುದನ್ನು ನಾವು ಬಹು ಹಿಂದೆಯೇ ಕಂಡಿದ್ದೇವೆ. ನಾವು ಮಠದ ಪಾಠಶಾಲೆಯಲ್ಲಿದ್ದಾಗ ನಮ್ಮ ಹಿರಿಯ ಅಕ್ಕನವರು ದೂರದ ಊರಿನ ಸೊಸೆಯಾಗಿ ಹೋಗಿದ್ದರು. ಅವರಿಗೆ ಅಕ್ಷರ ಬಾರದು. ಇನ್ನೊಬ್ಬರಿಂದ ಪತ್ರ ಬರೆಸಿದರೆ ಮನಸ್ಸಿನ ಮಾತು ಬರೆಯುವವರ ಮುಂದೆ ಬಯಲಾಗುತ್ತದೆಂಬ ಸಂಕೋಚ. ಒಂದು ಶಿವರಾತ್ರಿಗೆ ಮಠಕ್ಕೆ ಬಂದ ಆ ಊರಿನ ಭಕ್ತರೊಬ್ಬರ ಕೈಯಲ್ಲಿ ಅವರು ನಮಗೊಂದು ಖಣದ ತುಣುಕನ್ನು ಕಳುಹಿಸಿದರು. ನಾಲ್ಕು ಬೆರಳು ಅಗಲದ ಆ ತುಣುಕನ್ನು ದಪ್ಪ ಕಾಗದಕ್ಕೆ ಹೊಲಿದು, ಅದರ ಮೇಲೆ ಕಸೂತಿಯಲ್ಲಿ ಒಂದು ಗೋಪುರವನ್ನೂ ಕೆಳಗೆ ಎರಡು ಹಕ್ಕಿಗಳನ್ನೂ ತೆಗೆದಿದ್ದರು. ನಾವು ಅದನ್ನು ಲಘುಕೌಮುದಿಯ ಪುಟಗಳ ನಡುವೆ ಇರಿಸಿಕೊಂಡೆವು. ಎರಡು ಹಕ್ಕಿಗಳೆಂದರೆ ಯಾರೆಂದು ಕೇಳುವ ಅಗತ್ಯ ನಮಗೆ ಬೀಳಲಿಲ್ಲ. ಅಕ್ಕನವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಅವರ ಭಾವಚಿತ್ರ ಒಂದೂ ನಮ್ಮಲ್ಲಿಲ್ಲ. ಆ ಖಣದ ತುಣುಕು ಇದೆ.

ಕಸೂತಿಯನ್ನು ಬಲ್ಲ ತಾಯಂದಿರಿಗೆ ಗೊತ್ತು: ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ ಎಳೆ ಎಣಿಸಿ ಹೊಲಿಯಬೇಕು, ಗಂಟು ಹಾಕಬಾರದು. ಗವಂತಿ, ಮುರ್ಗಿಗಳಲ್ಲಿ ಹಿಂಬದಿಯೂ ಮುಂಬದಿಯಷ್ಟೇ ಶುದ್ಧವಾಗಿರುತ್ತದೆ. ಬಾಲಕಿಯರು ಈಗ ಚೌಕುಳಿಯ ಲೆಕ್ಕದ ಹಾಳೆಯ ಮೇಲೆ ಇದೇ ಗೋಪುರ, ತೇರು, ತೊಟ್ಟಿಲುಗಳನ್ನು ಬಣ್ಣದ ಪೆನ್ನಿನಿಂದ ಮೂಡಿಸಿ ಕಾರ್ಡಿಗೆ ಅಂಟಿಸುತ್ತಾರೆ. ಅಜ್ಜಿಯರಿಂದ ಕಲಿಯದೆ ಬಿಟ್ಟಿದ್ದ ವಿನ್ಯಾಸಗಳನ್ನು ಕೇಳಿ ತಿಳಿಯಲು ಅವರೀಗ ಮನೆಮನೆಗೆ ಹೋಗತೊಡಗಿದ್ದಾರೆ.

ಮಾಡಬಯಸುವವರಿಗಾಗಿ ಕ್ರಮವನ್ನೂ ಹೇಳುತ್ತೇವೆ. ಎ4 ಅಳತೆಯ ದಪ್ಪ ಡ್ರಾಯಿಂಗ್ ಹಾಳೆಯೊಂದರಲ್ಲಿ ಈ ಅಳತೆಯ 9 ತಳಹಾಳೆಗಳು ದೊರೆಯುತ್ತವೆ. ಮೊದಲು ತಳಕ್ಕೆ ಹಿನ್ನೆಲೆಯ ಕಾಗದವನ್ನು ಅಂಟಿಸಬೇಕು. ಅನಂತರ ಮುಖ್ಯ ಚಿತ್ರ. ಕೊನೆಗೆ ಅಂಚು ಮತ್ತು ಒಂದೆರಡು ಅಲಂಕಾರ. ಜಾಗ ಚಿಕ್ಕದಾದುದರಿಂದ ಮೂರು ವಸ್ತುಗಳಿಗಿಂತ ಹೆಚ್ಚು ತುಂಬಿದರೆ ಕಣ್ಣಿಗೆ ವಿಶ್ರಾಂತಿಯಿಲ್ಲ. ಖಣದ ಚೂರನ್ನು ಹಾಗೆಯೇ ಕತ್ತರಿಸಿದರೆ ಎಳೆ ಬಿಚ್ಚುತ್ತದೆ. ಹಿಂಬದಿಗೆ ತೆಳ್ಳಗೆ ಅಂಟು ಸವರಿ, ಒಣಗಿಸಿ, ಆಮೇಲೆ ಕತ್ತರಿಸಬೇಕು. ಅಂಟಿಸಿದ ಕಾರ್ಡನ್ನು ಒಂದು ರಾತ್ರಿ ಭಾರವಾದ ಗ್ರಂಥದ ಕೆಳಗಿಟ್ಟರೆ ಸೊಟ್ಟಗಾಗದು. ವೃತ್ತಪತ್ರಿಕೆಯ ಚೂರುಗಳನ್ನು ಬಳಸದಿರುವುದು ಲೇಸು. ಮರದ ತಿರುಳಿನ ಆ ಕಾಗದದಲ್ಲಿ ಉಳಿದ ಆಮ್ಲಾಂಶ ಕೆಲವೇ ವರ್ಷಗಳಲ್ಲಿ ಅದನ್ನು ಹಳದಿಯಾಗಿಸಿ, ಮುರುಕಲಾಗಿಸಿ, ಪಕ್ಕದ ಕಾಗದವನ್ನೂ ಕೆಡಿಸುತ್ತದೆ. ಇದೇ ಕಾರಣಕ್ಕಾಗಿ ಸಂಗ್ರಹಪುಟಗಳ ಸಾಮಗ್ರಿ ತಯಾರಿಸುವವರು ಆಮ್ಲರಹಿತ ಕಾಗದವೆಂದು ಬರೆದು ಮಾರುತ್ತಾರೆ. ಮನೆಯ ಹಳೆಯ ಭಾವಚಿತ್ರಗಳನ್ನು ಎಂದಿಗೂ ಕತ್ತರಿಸದೆ ಅವುಗಳ ಪ್ರತಿ ತೆಗೆಸಿಕೊಂಡು ಬಳಸಬೇಕು. ಹಿಟ್ಟಿನ ಅಂಟಿಗೆ ಹುಳು ಬೀಳದಂತೆ ಹಿಂದೆ ಪುಸ್ತಕ ಕಟ್ಟುವವರು ಮೈಲುತುತ್ತ ಸೇರಿಸುತ್ತಿದ್ದರು. ದ್ರಾಕ್ಷಿಗೆ ಸಿಂಪಡಿಸಲೆಂದು ನಮ್ಮ ತೋಟಗಳ ಮನೆಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ. ವಿಷವಾದುದರಿಂದ ಮಕ್ಕಳ ಕೈಗೆ ಸರ್ವಥಾ ಸಿಗಕೂಡದು. ಇನ್ನು ಶರಣರ ಮತ್ತು ದೇವರ ಚಿತ್ರಗಳ ಮಾತು. ಮುಖವನ್ನು ತುಂಡರಿಸದೆ, ಇಡಿಯ ಚಿತ್ರವನ್ನು ಸುತ್ತಲೂ ಜಾಗ ಬಿಟ್ಟು ಕತ್ತರಿಸಿ, ಕಾರ್ಡಿನ ಮೇಲ್ಭಾಗದಲ್ಲಿ ಇರಿಸುವುದು ನಮ್ಮ ಮಕ್ಕಳು ತಾವಾಗಿಯೇ ಮಾಡಿಕೊಂಡ ನಿಯಮ.

ಎಲ್ಲರಿಗೂ ಇದು ಸರಿಬಂದಿತೆಂದಲ್ಲ. ಬಾಲಕಿಯರಲ್ಲಿ ಒಬ್ಬಳ ತಂದೆ, ದ್ರಾಕ್ಷಿ ಬೆಳೆಗಾರರು, ಒಂದು ದಿನ ಬಂದು ಬಾಗಿಲಲ್ಲಿಯೇ ನಿಂತು ಕೇಳಿದರು:

“ಶಾಸ್ತ್ರಿಗಳ, ಇದರಿಂದ ಮಾರ್ಕ್ಸ್ ಬರತಾವೇನ್ರಿ?”

“ಮಾರ್ಕ್ಸ್ ಬರೂದಿಲ್ಲ ತಮ್ಮಾ. ಕೈ ಸ್ಥಿರ ಆಗತದ, ಕುಂತಲ್ಲಿ ಕುಂದ್ರೂದು ಬರತದ” ಎಂದೆವು.

ಅವರು ತೃಪ್ತರಾದಂತೆ ತೋರಲಿಲ್ಲ. ಆದರೆ ಮಗಳನ್ನು ಎಬ್ಬಿಸಿಕೊಂಡೂ ಹೋಗಲಿಲ್ಲ. ಹತ್ತನೆಯ ತರಗತಿ ಮುಗಿದ ಮೇಲೆ ಆ ಗೆಳತಿಯರ ಗುಂಪು ಚದುರಿತು. ಇಬ್ಬರು ವಿಜಯಪುರದ ವಸತಿನಿಲಯ ಸೇರಿದರು, ಒಬ್ಬಳು ತಿಕೋಟಾಕ್ಕೆ ಬಸ್ಸಿನಲ್ಲಿ ಹೋಗಿಬರತೊಡಗಿದಳು, ಒಬ್ಬಳ ತಂದೆತಾಯಿಗಳು ದುಡಿಮೆಗಾಗಿ ಸಾಂಗಲಿಯ ಕಡೆಗೆ ಹೋದರು. ಅಗಲುವ ಮುನ್ನ ಪ್ರತಿಯೊಬ್ಬಳೂ ಉಳಿದವರಿಗೆಲ್ಲ ಒಂದೊಂದು ಕಾರ್ಡು ಮಾಡಿಕೊಟ್ಟಳು. ಅವರಲ್ಲಿ ಕೆಲವರಿಗೆ ಸ್ವಂತದ ಫೋನಿಲ್ಲ. ಇದ್ದವರ ಮನೆಯಲ್ಲಿಯೂ ಅದು ಅಣ್ಣನ ಕೈಯಲ್ಲಿರುತ್ತದೆ. ಗೆಳತಿಯ ಅಕ್ಷರವನ್ನು ಯಾರ ಅಪ್ಪಣೆಯೂ ಇಲ್ಲದೆ ನೋಡಬೇಕೆಂದರೆ ಅವರಿಗೆ ಉಳಿದಿರುವುದು ಆ ಕಾರ್ಡೇ.

ಮುಂದಿನ ವರ್ಷ ಅಕಾಲದ ಮಳೆಗೆ ಆ ಬೆಳೆಗಾರರ ದ್ರಾಕ್ಷಿ ಗಿಡದಲ್ಲಿಯೇ ಒಡೆಯಿತು. ಒಂದು ಸಂಜೆ ಅವರು ನಮ್ಮ ಕಟ್ಟೆಯ ಮೇಲೆ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು. ಎದ್ದು ಹೊರಡುವಾಗ ಕಿಸೆಯಿಂದ ಔಷಧಿ ಅಂಗಡಿಯ ರಸೀತಿಗಳ ನಡುವೆ ಇದ್ದ ಒಂದು ಕಾರ್ಡನ್ನು ತೆಗೆದು, “ಚಸ್ಮಾ ತಂದಿಲ್ರಿ. ಮಗಳು ಹಾಸ್ಟೇಲಿನಿಂದ ಕಳಿಸ್ಯಾಳ. ಹಿಂದ ಏನ ಬರದಾಳ ನೋಡ್ರಿ” ಎಂದರು. ಮುಂಬದಿಯಲ್ಲಿ ನೀಲಿ ಖಣದ ಬಾವಿ, ಬಂಗಾರದ ಬಣ್ಣದ ಕಾಗದದ ಹಗ್ಗ. ಹಿಂಬದಿಯಲ್ಲಿ ಊರು, ದಿನಾಂಕ, 23 ಎಂಬ ಅನುಕ್ರಮ ಸಂಖ್ಯೆ, ಅದರ ಕೆಳಗೆ ಎರಡು ಸಾಲು. ನಾವು ಓದಿ ಹೇಳಿದೆವು: “ಅಪ್ಪಾ, ಇದು ನಮ್ಮ ಹೊಲದ ಬಾವಿ. ಮೋಟಾರ ಚಾಲೂ ಮಾಡೂ ಮುಂದ ಕಾಲಾಗ ಚಪ್ಪಲಿ ಹಾಕ್ಕೊ.”

ಅವರು ಇನ್ನೊಮ್ಮೆ ಓದಲು ಹೇಳಿದರು. ಓದಿದೆವು. ಕಾರ್ಡನ್ನು ರಸೀತಿಗಳಿಂದ ಬೇರ್ಪಡಿಸಿ ಎದೆಯ ಕಿಸೆಯಲ್ಲಿ ಇರಿಸಿಕೊಂಡು ಹೋದರು. ಮಾರ್ಕ್ಸಿನ ಮಾತು ಮತ್ತೆ ಬರಲಿಲ್ಲ.

ಅಂಗಡಿಯಿಂದ ತಂದ ಕಾರ್ಡಿನ ಮೇಲೆ ಯಾರ ಬಾವಿಯೂ ಇರುವುದಿಲ್ಲ. ಸಾವಿರ ಜನರಿಗೆ ಹೊಂದುವ ಮಾತನ್ನು ಅಲ್ಲಿ ಮೊದಲೇ ಅಚ್ಚು ಹಾಕಿರುತ್ತಾರೆ. ಕೈಯಿಂದ ಮಾಡುವವಳಾದರೋ ಒಬ್ಬರನ್ನು ನೆನೆದು ಕತ್ತರಿ ಹಿಡಿಯುತ್ತಾಳೆ. ಆ ಅರ್ಧ ತಾಸು ಆಕೆಯ ಮನಸ್ಸಿನಲ್ಲಿ ಇನ್ನೊಬ್ಬರಿಗೆ ಎಡೆಯಿರುವುದಿಲ್ಲ. ಬೆಲೆ ಕಟ್ಟಲಾಗದಿರುವುದು ಆ ಅರ್ಧ ತಾಸಿಗೆ.

ಆದುದರಿಂದ ಗೃಹಸ್ಥ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಸಲದ ಲಗ್ನಪತ್ರಿಕೆಗಳನ್ನು ಮಾಡದ ಮೇಲಿಂದ ಕೆಳಗಿಳಿಸಿ ಮನೆಯ ಮಕ್ಕಳ ಮುಂದಿಡಿರಿ. ಒಂದು ಕತ್ತರಿ, ಒಂದು ಅಂಟಿನ ಡಬ್ಬಿ, ಒಂದು ಮಧ್ಯಾಹ್ನ ಕೊಡಿರಿ. ಗಂಡುಮಕ್ಕಳನ್ನೂ ಕೂಡಿಸಿರಿ. ಅಜ್ಜ ಅಜ್ಜಿಯರು ಮಗ್ಗುಲಲ್ಲಿ ಕುಳಿತು, ಆ ಪತ್ರಿಕೆಯ ಮದುಮಕ್ಕಳು ತಮಗೇನಾಗಬೇಕು, ಯಾವ ಊರಿನವರು ಎಂಬುದನ್ನು ಹೇಳಿರಿ. ಬಳಗದ ಪರಿಚಯವೂ ಆದೀತು. ಮಾಡಿದ ಪ್ರತಿಯೊಂದು ಕಾರ್ಡಿನ ಹಿಂದೆ ಹೆಸರು, ಊರು, ದಿನಾಂಕಗಳನ್ನು ಬರೆಸಲು ಮರೆಯಬೇಡಿರಿ. ನಮ್ಮ ಅಕ್ಕನವರ ಖಣದ ಹಿಂದೆ ಏನೂ ಬರೆದಿಲ್ಲ. ನಾವಿರುವವರೆಗೆ ಅದು ಯಾರದೆಂದು ನಾವು ಹೇಳಬಲ್ಲೆವು.