ಹಸಿರು ಚುಕ್ಕಿ ಮತ್ತು ಚಲನವಲನ ವಹಿ

ಮುಳ್ಳಿರುವ ಕೈಗಡಿಯಾರವೊಂದನ್ನು ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ಮೌಸ್ ಇಟ್ಟು ನೋಡಿ. ಸೆಕೆಂಡಿನ ಮುಳ್ಳು ಓಡುವುದನ್ನು ಮೌಸ್ ತನ್ನದೇ ಓಡಾಟ ಅಂದುಕೊಂಡು ಪರದೆಯ ಮೇಲಿನ ಬಾಣವನ್ನು ಆಗಾಗ ಚೂರೇ ಚೂರು ಅಲುಗಿಸುತ್ತದೆ. ಆಫೀಸಿನ ಚಾಟ್‌ನಲ್ಲಿ ನಿಮ್ಮ ಹೆಸರಿನ ಪಕ್ಕದ ಚುಕ್ಕಿ ಹಸಿರಾಗಿಯೇ ಉಳಿಯುತ್ತದೆ.

2020ರ ಲಾಕ್‌ಡೌನಿನಲ್ಲಿ ಹಾಸನದ ಮನೆಯಿಂದ ಕೆಲಸ ಮಾಡುವಾಗ ನಾನು ಈ ವಿದ್ಯೆ ಕಲಿತೆ. ಅನ್ನಕ್ಕಿಟ್ಟ ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಚುಕ್ಕಿ ಹಳದಿ ಆಗಿಬಿಡ್ತಿತ್ತು. ಹಾಗಾಗಿ ಅಪ್ಪನ ಹಳೇ ಎಚ್‌ಎಂಟಿ ವಾಚನ್ನು ಮೌಸಿನ ಕೆಳಗಿಟ್ಟು ಅಡುಗೆಮನೆಗೆ ಓಡ್ತಿದ್ದೆ. ಅಪ್ಪ ಒಂದಿನ ನೋಡಿ, "ಇದೇನಮ್ಮಾ, ನನ್ ವಾಚಿಗೆ ಇಲ್ಲೇನ್ ಕೆಲಸ?" ಅಂದ್ರು. "ನನ್ ಬದಲು ಆಫೀಸಿಗೆ ಹೋಗಿದೆ" ಅಂದೆ. ಇಬ್ಬರೂ ನಕ್ಕೆವು.

ಎರಡು ವರ್ಷ ಆದಮೇಲೆ ನಾನು ಬೆಂಗಳೂರಿನಲ್ಲಿ ಒಂಬತ್ತು ಜನರ ಟೀಮಿಗೆ ಲೀಡ್ ಆದೆ. ಸಂಬಳ ಸ್ವಲ್ಪ ಹೆಚ್ಚಾಯಿತು, ಮೀಟಿಂಗ್ ಬಹಳ ಹೆಚ್ಚಾಯಿತು. ಜೊತೆಗೊಂದು ಹೊಸ ಲಾಗಿನ್ ಸಿಕ್ಕಿತು. "ನಿಮ್ಮ ಟೀಮಿನ ಪ್ರೊಡಕ್ಟಿವಿಟಿ ಡ್ಯಾಶ್‌ಬೋರ್ಡ್, ವಾರಕ್ಕೊಮ್ಮೆ ನೋಡಿ" ಎಂಬ ಮೇಲ್ ಬಂತು.

ತೆರೆದು ನೋಡಿದೆ. ಯಾರು ಎಷ್ಟು ಸಲ ಕೀಲಿ ಒತ್ತಿದ್ದಾರೆ, ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು, ಎಷ್ಟು ನಿಮಿಷ 'ಐಡಲ್' ಎಂಬ ಲೆಕ್ಕವೆಲ್ಲ ಅಲ್ಲಿತ್ತು. ಹತ್ತು ನಿಮಿಷಕ್ಕೊಂದು ಸ್ಕ್ರೀನ್‌ಶಾಟ್ ಕೂಡ. ಬ್ರೌಸರಿನಲ್ಲಿ ಬೀಗದ ಚಿತ್ರ ಕಂಡರೆ ಎಲ್ಲ ಭದ್ರ ಅಂತ ನೆಮ್ಮದಿಯಾಗಿರುವವರಿಗೆ ಒಂದು ಮಾತು. ಆ ಬೀಗ ದಾರಿಹೋಕರಿಂದ ಕಾಪಾಡುತ್ತದೆ. ಪರದೆಯ ಫೋಟೋವನ್ನೇ ತೆಗೆಯುವ ಸಾಫ್ಟ್‌ವೇರ್ ನಿಮ್ಮ ಲ್ಯಾಪ್‌ಟಾಪಿನೊಳಗೇ ಕೂತಿದ್ದರೆ ಅದು ಏನೂ ಮಾಡಲಾರದು. ಕಂಪನಿ ತನ್ನದೇ ಸರ್ಟಿಫಿಕೇಟ್ ಹಾಕಿಕೊಟ್ಟಿದ್ದರಂತೂ ಬೀಗದ ಇನ್ನೊಂದು ಕೀ ಅವರ ಬಳಿಯೂ ಇದೆ ಅಂತ ಅರ್ಥ.

ಮೊದಮೊದಲು ತಮಾಷೆಯಾಗೇ ಇತ್ತು. ನಮ್ಮ ಟೀಮಿನ ಅತ್ಯಂತ ಚುರುಕಿನ ಮನುಷ್ಯ ಯಾವ ಬಗ್ ಬಂದರೂ ಮೊದಲು ಕಾಗದ ಪೆನ್ನು ಹಿಡಿದು ಕೂರುವವನು. ಡ್ಯಾಶ್‌ಬೋರ್ಡಿನ ಪ್ರಕಾರ ಅವನು ಮಹಾ ಸೋಮಾರಿ. ಇಡೀ ದಿನ ಎಕ್ಸೆಲ್ ಶೀಟನ್ನು ಮೇಲೆ ಕೆಳಗೆ ಆಡಿಸುವ ಇನ್ನೊಬ್ಬರಿಗೆ ಮೊದಲ ರ‍್ಯಾಂಕ್. ಯೋಚನೆ ಮಾಡುವುದನ್ನು ಅಳೆಯುವ ಕೀಲಿ ಯಾವ ಕೀಬೋರ್ಡಿನಲ್ಲೂ ಇಲ್ಲವಲ್ಲ!

ನಮ್ಮಲ್ಲೊಬ್ಬ ಗದಗದ ಹುಡುಗ ಇದ್ದ. ಸೇರಿ ವರ್ಷ ತುಂಬಿರಲಿಲ್ಲ. ಪ್ರತಿದಿನ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಅವನ ಸಾಲಿನಲ್ಲಿ ನಲವತ್ತು ನಿಮಿಷದ ಕೆಂಪು ಪಟ್ಟಿ. ಐಡಲ್. ಕೇಳಬಹುದಿತ್ತು, ಒಂದು ಫೋನ್ ಸಾಕಿತ್ತು. ನಾನು ಕೇಳಲಿಲ್ಲ. ಆ ಪಟ್ಟಿಯ ಹಿಂದುಮುಂದಿನ ಸ್ಕ್ರೀನ್‌ಶಾಟ್ ಒತ್ತಿದೆ. ಒತ್ತಬಹುದಿತ್ತು, ಅದಕ್ಕೇ ಒತ್ತಿದೆ.

ವಾಟ್ಸ್ಆ್ಯಪ್ ವೆಬ್ ತೆರೆದಿತ್ತು. ಅಕ್ಕನ ಜೊತೆ ಮಾತುಕತೆ. ಅವ್ವನಿಗೆ ಕಿದ್ವಾಯಿಯಲ್ಲಿ ಚಿಕಿತ್ಸೆ ನಡೆದಿದೆ, ಮಧ್ಯಾಹ್ನ ಊಟ ಮಾಡಿಸಿದರೆ ವಾಂತಿಯಾಗ್ತಿದೆ, ಮುಂದಿನ ತಿಂಗಳ ಖರ್ಚಿಗೆ ಅಕ್ಕ ತನ್ನ ಸರ ಅಡ ಇಡ್ತೀನಿ ಅಂತಿದ್ದಾಳೆ, ಇವನು ಬೇಡ ಅಂತಿದ್ದಾನೆ. ಪೂರ್ತಿ ಓದಿದೆ. ಓದಿದ ಮೇಲೆ ಕಿಟಕಿ ಮುಚ್ಚಿದೆ. ಆ ಪುಟದ ಮೇಲ್ಗಡೆ ಸಾಫ್ಟ್‌ವೇರ್ ತಾನಾಗಿಯೇ ಒಂದು ಚೀಟಿ ಅಂಟಿಸಿತ್ತು: 'ಅನ್‌ಪ್ರೊಡಕ್ಟಿವ್'.

ಆಮೇಲೆ ನಾನು ಮಾಡಿದ್ದು ಒಳ್ಳೇ ಕೆಲಸ ಅಂತಲೇ ಅಂದುಕೊಂಡಿದ್ದೆ. ಅವನಿಗೆ ಹಗುರವಾದ ಕೆಲಸ ಕೊಟ್ಟೆ. ರಾತ್ರಿ ರಿಲೀಸ್‌ನಿಂದ ಹೆಸರು ತೆಗೆದೆ. ಕ್ಲೈಂಟ್ ಕಾಲ್‌ಗೆ ಬೇರೆಯವರನ್ನು ಕೂರಿಸಿದೆ. ಮೂರನೇ ವಾರ ಅವನೇ ಫೋನ್ ಮಾಡಿದ. "ಮೇಡಂ, ನನ್ ಕೆಲಸದಾಗ ಏನರ ತಪ್ಪಾಗೇತೇನ್ರಿ? ಎಲ್ಲಾದ್ರಾಗಿಂದೂ ತೆಗೀಲಿಕತ್ತೀರಿ." ದನಿಯಲ್ಲಿ ಹೆದರಿಕೆ. ಲೇಆಫ್ ಸುದ್ದಿಗಳು ದಿನಾ ಪೇಪರಿನಲ್ಲಿ ಬರ್ತಿದ್ದ ಸಮಯ ಅದು. "ಇಲ್ಲಪ್ಪಾ, ಹಾಗೇನಿಲ್ಲ" ಅಂದೆ. ಇನ್ನೇನು ಹೇಳಲಿ? ನನಗೆ ಗೊತ್ತಿದೆ ಅನ್ನುವುದನ್ನೇ ಹೇಳೋಕಾಗದ ವಿಷಯ ನನಗೆ ಗೊತ್ತಿತ್ತು.

ಆ ಶನಿವಾರ ಹಾಸನಕ್ಕೆ ಹೋದಾಗ ಅಪ್ಪನ ಮುಂದೆ ಎಲ್ಲ ಹೇಳಿಕೊಂಡೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ ಆಗಿ ನಿವೃತ್ತರಾದವರು. "ನಮ್ಮನ್ನೇನು ಸುಮ್ನೆ ಬಿಟ್ಟಿದ್ರಾ?" ಅಂದ್ರು. ಅವರ ಕಚೇರಿಯಲ್ಲಿ ಹಾಜರಿ ಪುಸ್ತಕದ ಜೊತೆ ಇನ್ನೆರಡು ವಹಿಗಳಿದ್ದವು. ಒಂದು ನಗದು ಘೋಷಣೆಯದು. ಬೆಳಿಗ್ಗೆ ಬಂದ ತಕ್ಷಣ ಜೇಬಿನಲ್ಲಿ ಎಷ್ಟು ದುಡ್ಡಿದೆ ಅಂತ ಬರೆದು ಸಹಿ ಹಾಕಬೇಕು. ಇನ್ನೊಂದು ಚಲನವಲನ ವಹಿ. ಕಚೇರಿ ಬಿಟ್ಟು ಹೊರಗೆ ಹೋಗುವಾಗ ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಅಂತ ಬರೆದು ಹೋಗಬೇಕು.

"ಜೇಬಲ್ಲಿರೋ ದುಡ್ಡು ಬರೆಯೋಕೆ ಅವಮಾನ ಅನ್ನಿಸ್ತಿರ್ಲಿಲ್ವಾ?"

"ಅನ್ನಿಸ್ತಿತ್ತು. ತಿಂಗಳ ಕೊನೇಲಿ ಹದಿನೈದು ರೂಪಾಯಿ ಅಂತ ಬರೆಯೋದು ಏನ್ ಚೆಂದಾನಾ? ಆದ್ರೆ ಬರೀತಿದ್ದಿದ್ದು ನಾನೇ. ಏನ್ ಬರೆದಿದೀನಿ ಅಂತ ನಂಗೊತ್ತಿತ್ತು. ನಿಮ್ಮಜ್ಜಿ ಆಸ್ಪತ್ರೇಲಿದ್ದಾಗ 'ತಾಯಿಯವರಿಗೆ ಊಟ ಕೊಡಲು' ಅಂತ ದಿನಾ ಬರೆದು ಹೋಗ್ತಿದ್ದೆ. ಸಾಹೇಬ್ರು ಅದನ್ನ ಓದಿ, ಹೇಗಿದಾರೆ ನಿಮ್ತಾಯಿ ಅಂತ ಕೇಳ್ತಿದ್ರು."

ಆ ವಹಿಯಲ್ಲಿ ಸುಳ್ಳು ಬರೆಯೋರಿರಲಿಲ್ಲವಾ ಅಂದೆ. "ಇಲ್ದೇ ಇರ್ತಾರಾ! ಸ್ಥಳ ತನಿಖೆ ಅಂತ ಬರೆದು ಮ್ಯಾಟನಿಗೆ ಹೋಗೋರು. ನಿನ್ ಎಚ್‌ಎಂಟಿ ಇದ್ದಂಗೆ" ಅಂದ್ರು.

ಬೆಂಗಳೂರಿಗೆ ವಾಪಸು ಬರುವ ರೈಲಿನಲ್ಲಿ ಇದೇ ಕೊರೆಯುತ್ತಿತ್ತು. ಅಜ್ಜಿಯ ಕಾಯಿಲೆ ಅಪ್ಪನ ಸಾಹೇಬರಿಗೂ ಗೊತ್ತಿತ್ತು, ಈ ಹುಡುಗನ ಅವ್ವನ ಕಾಯಿಲೆ ನನಗೂ ಗೊತ್ತಿತ್ತು. ಆದರೆ ಅಪ್ಪ ಹೇಳಿದ್ದರು. ಇವನು ಹೇಳಿರಲಿಲ್ಲ.

ಕಾನೂನು ಏನನ್ನುತ್ತದೆ ಅಂತ ಹುಡುಕಿದೆ (ನನ್ನ ಸ್ವಂತ ಫೋನಿನಲ್ಲಿ!). ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆದರೆ ಆ ಹಕ್ಕನ್ನು ಮುಖ್ಯವಾಗಿ ಸರ್ಕಾರದ ಎದುರು ಹಿಡಿದು ಕೇಳಬಹುದು. ಖಾಸಗಿ ಕಂಪನಿಯ ಎದುರು ಅಷ್ಟು ಸಲೀಸಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ಅಂತೂ, ಉದ್ಯೋಗದ ಉದ್ದೇಶಕ್ಕೆ ಅಥವಾ ಕಂಪನಿಯನ್ನು ನಷ್ಟದಿಂದ ಕಾಪಾಡುವುದಕ್ಕೆ ನೌಕರರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆಯೂ ಬಳಸಬಹುದು ಅನ್ನುತ್ತದೆ.

ಪುಟ್ಟಸ್ವಾಮಿ ತೀರ್ಪು ಬಂದು ಹನ್ನೆರಡೇ ದಿನಕ್ಕೆ, ಅಂದರೆ ಸೆಪ್ಟೆಂಬರ್ 5ರಂದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು. ರೊಮೇನಿಯಾದ ಬರ್ಬುಲೆಸ್ಕು ಎಂಬ ಇಂಜಿನಿಯರ್ ಆಫೀಸಿನ ಯಾಹೂ ಮೆಸೆಂಜರಿನಲ್ಲಿ ತನ್ನ ಸಹೋದರನ ಜೊತೆ, ಮದುವೆಯಾಗಲಿದ್ದ ಹುಡುಗಿಯ ಜೊತೆ ಮಾತಾಡಿದ್ದನ್ನು ಕಂಪನಿ ಅಚ್ಚು ಹಾಕಿಸಿ ಮುಂದಿಟ್ಟಿತ್ತು. 2007ರಲ್ಲಿ ಕೆಲಸದಿಂದಲೂ ತೆಗೆದಿತ್ತು. ಹತ್ತು ವರ್ಷದ ನಂತರ ಹನ್ನೊಂದಕ್ಕೆ ಆರು ಮತಗಳಿಂದ ಅವನ ಹಕ್ಕು ಎತ್ತಿಹಿಡಿಯಲಾಯಿತು. ಕಂಪನಿ ನೋಡಲೇಬಾರದು ಅಂತ ನ್ಯಾಯಾಲಯ ಹೇಳಲಿಲ್ಲ. ಮೊದಲೇ ತಿಳಿಸಿದ್ದರಾ? ಎಷ್ಟರ ಮಟ್ಟಿಗೆ ನೋಡಿದರು? ಅಷ್ಟು ನೋಡೋಕೆ ಕಾರಣ ಏನು? ಅದಕ್ಕಿಂತ ಕಡಿಮೆಯಲ್ಲಿ ಮುಗಿಸೋಕಾಗ್ತಿರಲಿಲ್ಲವಾ? ಕೇಳಿದ್ದು ಇಂಥ ಪ್ರಶ್ನೆಗಳನ್ನು.

ಇವೇ ಪ್ರಶ್ನೆಗಳನ್ನು ನಾನು ಎಚ್‌ಆರ್‌ಗೆ ಬರೆದೆ. "ನೀವೆಲ್ಲ ಸೇರುವಾಗ ಸಹಿ ಮಾಡಿದ ಪಾಲಿಸಿಯಲ್ಲಿದೆ" ಎಂಬ ಉತ್ತರ ಬಂತು. ಪಾಲಿಸಿ ತೆಗೆದು ಓದಿದೆ. ಕಂಪನಿಯ ಸಾಧನಗಳ ಬಳಕೆಯನ್ನು ಪರಿಶೀಲಿಸುವ ಹಕ್ಕು ಕಂಪನಿಗಿದೆ ಎಂಬ ಒಂದು ಸಾಲು ಇತ್ತು. ಸ್ಕ್ರೀನ್‌ಶಾಟ್ ಎಂಬ ಪದವೇ ಇಲ್ಲ. ಯಾರು ನೋಡ್ತಾರೆ, ಎಷ್ಟು ದಿನ ಇಟ್ಟುಕೊಳ್ತಾರೆ, ಏನೂ ಇಲ್ಲ.

ಕಂಪನಿಯದ್ದು ಬರೀ ಚಪಲ ಅಂತ ನಾನು ಹೇಳಲ್ಲ. ನಮ್ಮ ಕೈಯಲ್ಲಿರೋದು ಕ್ಲೈಂಟಿನ ಗ್ರಾಹಕರ ಮಾಹಿತಿ. ಒಬ್ಬ ಪೆನ್‌ಡ್ರೈವ್‌ಗೆ ತುಂಬಿಕೊಂಡು ಹೋದರೆ ಸಾವಿರಾರು ಜನರ ಖಾಸಗಿತನ ಬೀದಿಗೆ ಬರುತ್ತದೆ. ಆದರೆ ಪೆನ್‌ಡ್ರೈವ್ ತಡೆಯೋಕೆ ಯುಎಸ್‌ಬಿ ಪೋರ್ಟ್ ಮುಚ್ಚಿದರಾಯಿತು. ಅದಕ್ಕೆ ಅವ್ವನ ವಾಂತಿಯ ವಿಷಯ ನನಗೆ ಗೊತ್ತಾಗಬೇಕಿರಲಿಲ್ಲ.

ಮುಂದಿನ ಸೋಮವಾರದ ಸ್ಟ್ಯಾಂಡ್‌ಅಪ್‌ನಲ್ಲಿ ಒಂಬತ್ತೂ ಜನರಿಗೆ ನನ್ನ ಸ್ಕ್ರೀನ್ ಶೇರ್ ಮಾಡಿ, ನನ್ನದೇ ಸಾಲು ತೆರೆದು ತೋರಿಸಿದೆ. ಇಂತಿಂಥದ್ದು ರೆಕಾರ್ಡ್ ಆಗುತ್ತೆ, ಇದನ್ನು ನಾನು ನೋಡಬಹುದು, ನನ್ನ ಮೇಲಿನವರೂ ನೋಡಬಹುದು. ಸ್ವಂತದ ಮಾತು ಸ್ವಂತದ ಫೋನಿನಲ್ಲಿರಲಿ ಅಂದೆ. ಯಾರೂ ಮಾತಾಡಲಿಲ್ಲ. ಸಂಜೆ ನನ್ನ ಮ್ಯಾನೇಜರ್ ಕರೆದು, "ಇಷ್ಟೆಲ್ಲ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ" ಅಂದ್ರು. ಆ ವರ್ಷದ ಅಪ್ರೈಸಲ್‌ನಲ್ಲಿ ನನಗೆ 'ವಿವೇಚನೆ' ಬೆಳೆಸಿಕೊಳ್ಳಬೇಕು ಎಂಬ ಸಲಹೆ ಸಿಕ್ಕಿತು. ಕೆಲವು ತಿಂಗಳ ಮೇಲೆ ಸ್ಕ್ರೀನ್‌ಶಾಟ್‌ಗಳನ್ನು ಮಸುಕು ಮಾಡಿದರು. ನಿಲ್ಲಿಸಲಿಲ್ಲ.

ಅವತ್ತು ರಾತ್ರಿಯೇ ಗದಗದ ಹುಡುಗ ಫೋನ್ ಮಾಡಿದ.

"ಮೇಡಂ, ನನ್ನ ಸ್ಕ್ರೀನೂ ನೋಡೀರೇನ್ರಿ?"

ಇಲ್ಲ ಅಂತ ನಾಲಗೆಯ ತುದಿಗೆ ಬಂದಿತ್ತು. "ನೋಡಿದೀನಿ" ಅಂದೆ.

"ಅವ್ವಂದೂ?"

"ಹೂಂ. ಓದಬಾರದಾಗಿತ್ತು. ಓದಿದೆ. ತಪ್ಪಾಯ್ತು."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅಂದ: "ನಾನ ಹೇಳಾಂವ ಇದ್ದೆ ರೀ. ಹೆಂಗ ಹೇಳೂದು ಅಂತ ವಿಚಾರ ಮಾಡಾಕತ್ತಿದ್ದೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಹಗುರವಾಗ್ತಿತ್ತೇನೋ. ಅವನು ಮಾಡಿಕೊಳ್ಳಲಿಲ್ಲ. ರಾತ್ರಿ ರಿಲೀಸ್‌ಗೆ ತನ್ನ ಹೆಸರು ವಾಪಸು ಹಾಕಿ ಅಂತ ಮಾತ್ರ ಕೇಳಿದ. ಹಾಕಿದೆ.

ಮಾರನೇ ದಿನ ಟೀಮಿನ ಕ್ಯಾಲೆಂಡರ್ ತೆರೆದಾಗ ಮಧ್ಯಾಹ್ನ ಎರಡೂವರೆಯಿಂದ ಮೂರೂಕಾಲರವರೆಗೆ ಅವನೇ ಒಂದು ಗೆರೆ ಎಳೆದಿದ್ದ, ಎಲ್ಲರಿಗೂ ಕಾಣುವ ಹಾಗೆ. ಅದರ ಮೇಲೆ ಬರೆದಿದ್ದ: 'ಅವ್ವಗ ಊಟ'.

ಮೂರೂವರೆಗೆ ಫೋನ್ ಮಾಡಿ, ಹೇಗಿದಾರೆ ನಿಮ್ಮವ್ವ ಅಂತ ಕೇಳಿದೆ.