ಸುಖ ಶಬ್ದವೂ ಗಾಲಿಯ ಗುಂಬವೂ

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಬಾಲಕರಿಗೆ ಪಾಠ ಹೇಳಿ ಮುಪ್ಪನ್ನು ಮುಟ್ಟಿದವನಿಗೆ ಬೈಸಿಕಲ್ಲಿನ ಗುಂಬದ ವಿಚಾರವೇಕೆಂದು ವಾಚಕರು ಶಂಕಿಸಬಹುದು. ಶಬ್ದವೇ ನನ್ನನ್ನು ಅಲ್ಲಿಗೆ ಕರೆದೊಯ್ದಿತೆಂಬುದು ಇದಕ್ಕೆ ಸಮಾಧಾನ. ನಾವು ದಿನಕ್ಕೆ ಹತ್ತು ಸಲ ಆಡುವ ‘ಸುಖ’ವೆಂಬ ಮಾತು ಋಗ್ವೇದದಲ್ಲಿ ಬಹುಮಟ್ಟಿಗೆ ರಥಕ್ಕೆ ವಿಶೇಷಣವಾಗಿ ಬರುತ್ತದೆ. ‘ಖ’ವೆಂದರೆ ರಂಧ್ರ, ಗಾಲಿಯ ನಡುವೆ ಅಚ್ಚು ಹೊಗುವ ರಂಧ್ರಕ್ಕೂ ಅದೇ ಹೆಸರು. ಆ ರಂಧ್ರವು ಚೆನ್ನಾಗಿರುವ ರಥವು ಸುಖರಥವೆಂದು ಒಂದು ವಿವರಣೆ. ‘ದುಃಖ’ ಶಬ್ದದ ವ್ಯುತ್ಪತ್ತಿಯಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ; ಆದರೂ ಗುಂಬ ಕೆಟ್ಟ ಗಾಡಿಯಲ್ಲಿ ಕುಳಿತವರಿಗೆ ಅದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಎತ್ತಿನ ಗಾಡಿಯಲ್ಲಿ ಅಚ್ಚೂ ಗುಂಬವೂ ಒಂದನ್ನೊಂದು ಉಜ್ಜುತ್ತವೆ. ಆ ಉಜ್ಜಾಟವನ್ನು ತಗ್ಗಿಸುವುದಕ್ಕೆ ಕೀಲೆಣ್ಣೆಯೊಂದೇ ಉಪಾಯ. ಉಜ್ಜುವುದರ ಬದಲು ಉರುಳುವಂತೆ ಮಾಡಿದರೆ ಶ್ರಮವು ಬಹಳ ಕಡಮೆಯಾಗುವುದೆಂಬುದೇ ಬೇರಿಂಗಿನ ತತ್ತ್ವ. ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತನು 1794ರಲ್ಲಿಯೇ ಗಾಡಿಯ ಅಚ್ಚಿಗೆ ಗುಂಡುಗಳನ್ನಿಡುವ ಕ್ರಮಕ್ಕೆ ಸನ್ನದು ಪಡೆದಿದ್ದನು. 1869ರಲ್ಲಿ ಪ್ಯಾರಿಸ್ಸಿನ ಸೂರಿರೇ ಎಂಬಾತನು ಅದನ್ನು ಬೈಸಿಕಲ್ಲಿಗೆ ಅಳವಡಿಸಿದನು. ಅದೇ ವರ್ಷ ಪ್ಯಾರಿಸ್‌ನಿಂದ ರೂವಾಂವರೆಗಿನ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಇಂತಹ ಬಂಡಿಯ ಮೇಲೆ. ಉಕ್ಕಿನ ಗುಂಡುಗಳನ್ನು ಸಮನಾಗಿ ಅರೆಯುವ ಯಂತ್ರವನ್ನು ಜರ್ಮನಿಯ ಫ್ರೀಡ್ರಿಚ್ ಫಿಷರನು 1883ರಲ್ಲಿ ರಚಿಸಿದ ಮೇಲೆ ಈ ಅನುಕೂಲವು ಬಡವರ ಗಾಲಿಗೂ ದೊರೆಯುವಂತಾಯಿತು.

ನಮ್ಮ ಊರುಗಳ ಸಾಧಾರಣ ಬೈಸಿಕಲ್ಲಿನ ಗುಂಬವನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ಅತ್ಯಲ್ಪ. ಎರಡು ಕಡೆಗೂ ಒಂದೊಂದು ಬಟ್ಟಲು. ಬಟ್ಟಲಲ್ಲಿ ಗ್ರೀಸಿನೊಳಗೆ ಸಾಲುಗೂಡಿದ ಗುಂಡುಗಳು. ಅವು ಹೊರಬೀಳದಂತೆ ಅಚ್ಚಿನ ಮೇಲೆ ತಿರುಗಿಸಿ ಕೂರಿಸಿದ ಕೋನು. ಕೋನನ್ನು ಅಲುಗದಂತೆ ಹಿಡಿಯುವ ಒಂದು ನಟ್ಟು. ಸಾಮಾನ್ಯವಾಗಿ ಮುಂದಿನ ಗಾಲಿಗೆ ಕಡೆಗೆ 10ರಂತೆ ಸಣ್ಣ ಗುಂಡುಗಳು, ಹಿಂದಿನದಕ್ಕೆ ಕಡೆಗೆ 9ರಂತೆ ಕೊಂಚ ದೊಡ್ಡವು. ಸವಾರನ ಭಾರವನ್ನೆಲ್ಲಾ ಹೊರುವವು ಈ 38 ಗುಂಡುಗಳೇ.

ಮಲೆನಾಡಿನ ಶಾಲೆಯೊಂದಕ್ಕೆ ನಾನು ಅನೇಕ ವರ್ಷ ದಿನಕ್ಕೆ 12 ಕಿಲೋಮೀಟರು ಬೈಸಿಕಲ್ಲನ್ನು ತುಳಿದು ಹೋಗಿ ಬರುತ್ತಿದ್ದೆನು. ಮಳೆಗಾಲದಲ್ಲಿ ಗುಂಬದೊಳಕ್ಕೆ ಕೆಸರುನೀರು ಸೇರುವುದು, ಗ್ರೀಸು ತೊಳೆದುಹೋಗುವುದು, ಗುಂಡುಗಳು ತುಕ್ಕು ಹಿಡಿಯುವುವು. ಆದಕಾರಣ ಮಳೆ ನಿಂತೊಡನೆ ಓವರಾಲಿಂಗ್ ಮಾಡಿಸುವುದು ನನ್ನ ವ್ರತವಾಗಿತ್ತು. ಅಂಗಡಿಯ ಸಾಬರು ವೃದ್ಧರು, ಅಕ್ಷರವನ್ನರಿಯದವರು. ಅವರು ಕೋನನ್ನು ಬೆರಳಿನಿಂದ ಗುಂಡುಗಳಿಗೆ ತಾಕುವವರೆಗೆ ತಿರುಗಿಸಿ, ಒಂದಿಷ್ಟು ಹಿಂದಕ್ಕೆ ಬಿಟ್ಟು, ತೆಳುವಾದ ಸ್ಪ್ಯಾನರಿನಿಂದ ಅದನ್ನು ಹಿಡಿದುಕೊಂಡು ಹೊರಗಿನ ನಟ್ಟನ್ನು ಬಿಗಿಯುವರು. ನಟ್ಟು ಬಿಗಿದಾಗ ಕೋನು ಮತ್ತೆ ಕೊಂಚ ಒಳಸರಿಯುವುದರಿಂದ ಪುನಃ ಪರೀಕ್ಷೆ. “ಬಿಗಿ ಮಾಡೋದು ಯಾರಾದ್ರೂ ಮಾಡ್ತಾರೆ, ಮೇಷ್ಟ್ರೇ. ಎಷ್ಟು ಬಿಡಬೇಕು ಅನ್ನೋದೇ ಕೆಲಸ” ಎಂದು ಒಮ್ಮೆ ನನಗೆ ಹೇಳಿದರು.

ಅವರ ಪರೀಕ್ಷೆಯನ್ನು ವಾಚಕರೂ ಮಾಡಿ ನೋಡಬಹುದು. ಮುಂದಿನ ಗಾಲಿಯನ್ನು ನೆಲದಿಂದೆತ್ತಿ ರಿಮ್ಮನ್ನು ಪಕ್ಕಕ್ಕೆ ಅಲುಗಿಸಬೇಕು, ಟಕ್ಕೆಂದರೆ ಸಡಿಲ. ಬಳಿಕ ಗಾಳಿ ತುಂಬುವ ವಾಲ್ವನ್ನು ಪಕ್ಕಕ್ಕೆ ತಂದು ಕೈಬಿಡಬೇಕು. ವಾಲ್ವಿನ ಅಲ್ಪಭಾರಕ್ಕೇ ಗಾಲಿಯು ತಾನಾಗಿ ತಿರುಗಿ, ವಾಲ್ವು ಕೆಳಗೆ ಬಂದು ನಿಂತರೆ ಬಿಗಿ ಅತಿಯಾಗಿಲ್ಲವೆಂದರ್ಥ. ಸಡಿಲವಾದರೆ ಗುಂಡುಗಳು ಕುಟ್ಟಿ ಬಟ್ಟಲು ಕೆಡುವುದು. ಬಿಗಿಯಾದರೆ ಅರೆದು ಕೋನು ಕೆಡುವುದು. ಎರಡರ ಫಲವೂ ಒಂದೇ.

ಆದರೆ ಹೊಂದಿಸುವುದಕ್ಕೂ ಒಂದು ಮಿತಿಯುಂಟು. ಕೋನಿನ ನಯವಾದ ಮೈಯಲ್ಲಿ ಕುಳಿಗಳು ಬಿದ್ದ ಮೇಲೆ ಎಷ್ಟು ತಿರುಗಿಸಿದರೂ ಗಾಲಿಯು ಒಂದೆಡೆ ಸಡಿಲ, ಮತ್ತೊಂದೆಡೆ ಬಿಗಿ. ಆಗ ಕೋನನ್ನೂ ಗುಂಡುಗಳನ್ನೂ ಬದಲಿಸಲೇಬೇಕು. ಹಳೆಯ ಗುಂಡುಗಳ ನಡುವೆ ಹೊಸದೊಂದೆರಡನ್ನು ಸೇರಿಸುವ ಮಿತವ್ಯಯವೂ ಸಲ್ಲದು; ಸವೆಯದ ಹೊಸ ಗುಂಡೇ ಭಾರವನ್ನೆಲ್ಲಾ ಹೊತ್ತು ಬೇಗ ಒಡೆಯುವುದು.

ಮೋಟಾರಿನ ವಿಷಯದಲ್ಲಿ ಈ ವಿವೇಕವು ಪ್ರಾಣದ ಪ್ರಶ್ನೆಯೇ ಆಗುತ್ತದೆ. 2018ರ ಬೇಸಗೆಯಲ್ಲಿ ಮಗಳು, ಅಳಿಯ, ಎರಡು ವರ್ಷದ ಮೊಮ್ಮಗಳೊಡನೆ ಬಾಡಿಗೆಯ ಕಾರಿನಲ್ಲಿ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಕೆಳಗಿನಿಂದ ಬೀಸುವ ಕಲ್ಲಿನಂತಹ ಸದ್ದೊಂದು ಕೇಳಿಬಂದಿತು. ವೇಗದೊಡನೆ ಏರುವುದು, ಎಡಕ್ಕೆ ತಿರುಗಿದಾಗ ಮತ್ತಷ್ಟು ಹೆಚ್ಚುವುದು. ಟೈರಿನ ಸದ್ದೆಂದು ಅಳಿಯಂದಿರು ಹೇಳಿದರು. ಎಡಕ್ಕೆ ತಿರುಗುವಾಗ ಭಾರವು ಬಲಗಾಲಿಗೆ ಹೊರಳುವುದಷ್ಟೆ? ಮುಂದೆ ಆಗುಂಬೆಯ ಘಟ್ಟ. 14 ಹೇರ್‌ಪಿನ್ ತಿರುವುಗಳು. ಮೇಗರವಳ್ಳಿಯಲ್ಲಿ ನಿಲ್ಲಿಸೆಂದು ಕೇಳಿಕೊಂಡೆನು. ಚಾಲಕನು ವಿವೇಕಿ, ಒಡನೆ ನಿಲ್ಲಿಸಿದನು. ತೀರ್ಥಹಳ್ಳಿಯಿಂದ ಬಂದ ಮೆಕ್ಯಾನಿಕ್ಕನು ಜಾಕಿನಿಂದ ಕಾರನ್ನೆತ್ತಿ, ಮುಂದಿನ ಬಲಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದನು. ಅದು ಕಣ್ಣಿಗೆ ಕಾಣುವಂತೆ ಅಲ್ಲಾಡಿತು. “ಘಟ್ಟ ಇಳೀಬಾರದಿತ್ತು, ಸಾರ್” ಎಂದಷ್ಟೇ ಅವನ ಮಾತು. ನಾವು ಬೇರೆ ವಾಹನದಲ್ಲಿ ಮನೆಗೆ ಹಿಂದಿರುಗಿದೆವು.

ಅಲ್ಲಿ ಹೊಂದಿಸುವುದಕ್ಕೆ ಏನೂ ಇರಲಿಲ್ಲ. ಅಮೆರಿಕೆಯ ಟಿಮ್ಕೆನ್ ಎಂಬಾತನು 1898ರಲ್ಲಿ ಸನ್ನದು ಪಡೆದ ಓರೆಯುರುಳೆಯ ಬೇರಿಂಗನ್ನು ಹಳೆಯ ವಾಹನಗಳಲ್ಲೂ ಅನೇಕ ಲಾರಿಗಳಲ್ಲೂ, ಗಾಲಿಯನ್ನು ತಿರುಗಿಸುತ್ತ ನಟ್ಟು ಬಿಗಿದು, ಮತ್ತೆ ಹಿಂದಕ್ಕೆ ಬಿಟ್ಟು ಹೊಂದಿಸುವರು. ಸಾಬರ ಕ್ರಮವೇ ಅದು. ಇಂದಿನ ಕಾರುಗಳ ಬೇರಿಂಗಾದರೋ ಗ್ರೀಸಿನೊಡನೆ ಮುಚ್ಚಿಯೇ ಬರುವುದು. ಕೆಟ್ಟರೆ ಇಡಿಯಾಗಿ ತೆಗೆದು ಹೊಸದನ್ನು ಕೂರಿಸಬೇಕು. ನಟ್ಟನ್ನು ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಬೆಲೆಯುಳ್ಳ ಬೈಸಿಕಲ್ಲುಗಳಿಗೂ ಈ ಪದ್ಧತಿ ಬಂದಿದೆ. ಇದನ್ನು ನಾನು ನಿಂದಿಸಲಾರೆ. ಮಳೆಯ ನೀರು ಅದರೊಳಕ್ಕೆ ಸುಲಭವಾಗಿ ಇಳಿಯದು. ಆದರೆ ಹೊಂದಿಸುವ ಕೈ ಅನಾವಶ್ಯಕವಾದಾಗ ಕೇಳುವ ಕಿವಿಯೂ ಮಂದವಾಗುತ್ತದೆ. ನನ್ನ ಚಿಂತೆ ಅದೊಂದೇ. ಮುಚ್ಚಿದ ಬೇರಿಂಗೂ ಕೆಡುವ ಮುನ್ನ ಕೂಗಿ ಹೇಳುತ್ತದೆ.

ಮನೆಯ ಮಕ್ಕಳ ಕೈಗೆ ತಿಂಗಳಿಗೊಮ್ಮೆ ಬೈಸಿಕಲ್ಲಿನ ಗಾಲಿಯನ್ನು ಕೊಟ್ಟು, ಅಲುಗಿಸಿ ನೋಡಲೂ ತಿರುಗಿಸಿ ಕೇಳಲೂ ಕಲಿಸಬೇಕೆಂದು ವಾಚಕರಲ್ಲಿ ನನ್ನ ಪ್ರಾರ್ಥನೆ. ಹೊಂದಿಸಿದರೆ ಸಾಕಾಗುವುದು ಯಾವುದು, ಬದಲಿಸಲೇಬೇಕಾದುದು ಯಾವುದೆಂದು ಅವರಿಗೆ ಕೈಯಿಂದಲೇ ತಿಳಿಯಲಿ. ಇದಕ್ಕೆ ವೆಚ್ಚವಿಲ್ಲ; ಐದು ನಿಮಿಷ ಸಾಕು.